ಎಲ್ಲಾ, ಯಾವುದೂ, ಕೆಲವು: ವಿರೋಧ ಚೌಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮಾತು ಸುಳ್ಳು ಎನ್ನುವುದು ಬೇರೆ, ಅದರ ಉಲ್ಟಾ ಮಾತು ನಿಜ ಎನ್ನುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡರೆ ಒಳ್ಳೆಯ ಚರ್ಚೆಯೂ ಜಗಳಕ್ಕೆ ತಿರುಗುತ್ತದೆ. ತರ್ಕಶಾಸ್ತ್ರದಲ್ಲಿ ಈ ವ್ಯತ್ಯಾಸ ತೋರಿಸುವುದಕ್ಕೆಂದೇ ಒಂದು ಹಳೆಯ ಚಿತ್ರವಿದೆ, ಅದಕ್ಕೆ ವಿರೋಧ ಚೌಕ ಎಂದು ಹೆಸರು. ಪಾಠ ಹೇಳುವಾಗ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ನಾಲ್ಕು ಬಗೆಯ ವಾಕ್ಯಗಳು ಅಂತಾರಲ್ಲ, ಯಾವುವು?

ಹತ್ತು ಬಲ್ಬುಗಳಿರುವ ಒಂದು ಪೆಟ್ಟಿಗೆ ನಿಮ್ಮ ಮುಂದಿದೆ ಎಂದುಕೊಳ್ಳಿ. ಉರಿಯುತ್ತವೋ ಇಲ್ಲವೋ ಇನ್ನೂ ನೋಡಿಲ್ಲ. ಅವುಗಳ ಬಗ್ಗೆ ಹೀಗೆ ಹೇಳಬಹುದು:

ಎ: ಎಲ್ಲಾ ಬಲ್ಬುಗಳೂ ಉರಿಯುತ್ತವೆ.
ಇ: ಯಾವ ಬಲ್ಬೂ ಉರಿಯುವುದಿಲ್ಲ.
ಐ: ಕೆಲವು ಬಲ್ಬುಗಳು ಉರಿಯುತ್ತವೆ.
ಓ: ಕೆಲವು ಬಲ್ಬುಗಳು ಉರಿಯುವುದಿಲ್ಲ.

ನಾಲ್ಕೂ ವಾಕ್ಯಗಳು ಎರಡು ಗುಂಪುಗಳ ಸಂಬಂಧ ಹೇಳುತ್ತವೆ. ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಅದು ಉದ್ದೇಶ್ಯ, ಇಲ್ಲಿ ಬಲ್ಬುಗಳು. ಅದರ ಬಗ್ಗೆ ಏನು ಹೇಳುತ್ತಿದ್ದೇವೋ ಅದು ವಿಧೇಯ, ಇಲ್ಲಿ ಉರಿಯುವ ವಸ್ತುಗಳು. ಶಾಲೆಯ ವ್ಯಾಕರಣದಲ್ಲಿ ಕೇಳಿದ ಪದಗಳೇ ಇವು. ಎ ಮತ್ತು ಇ ಇಡೀ ಗುಂಪಿನ ಮಾತು. ಐ ಮತ್ತು ಓ ಗುಂಪಿನ ಒಂದು ಭಾಗದ ಮಾತು. ಎ, ಐ ಹೌದು ಎನ್ನುತ್ತವೆ. ಇ, ಓ ಇಲ್ಲ ಎನ್ನುತ್ತವೆ.

ಈ ಅಕ್ಷರಗಳು ಎಲ್ಲಿಂದ ಬಂದವು?

ಲ್ಯಾಟಿನ್‌ನಿಂದ. ಇಲ್ಲಿ ಎ, ಇ, ಐ, ಓ ಎಂದರೆ ಕನ್ನಡದ ಅಕ್ಷರಗಳಲ್ಲ, ಇಂಗ್ಲಿಷಿನಲ್ಲಿ ಹೇಳುವಂತೆ A, E, I, O. ‘ಹೌದೆನ್ನುತ್ತೇನೆ’ ಎಂಬ ಅರ್ಥದ ಅಫಿರ್ಮೊ ಪದದ ಮೊದಲ ಎರಡು ಸ್ವರಗಳು ಎ ಮತ್ತು ಐ. ‘ಅಲ್ಲವೆನ್ನುತ್ತೇನೆ’ ಎಂಬ ಅರ್ಥದ ನೆಗೊ ಪದದ ಸ್ವರಗಳು ಇ ಮತ್ತು ಓ. ಯುರೋಪಿನ 13ನೇ ಶತಮಾನದ ತರ್ಕ ಪಠ್ಯಗಳಲ್ಲೇ ಇವು ಬಳಕೆಯಲ್ಲಿದ್ದವು.

ಚೌಕವನ್ನು ಹೇಗೆ ಬರೆಯಬೇಕು?

ಮೇಲೆ ಎಡಕ್ಕೆ ಎ, ಮೇಲೆ ಬಲಕ್ಕೆ ಇ. ಕೆಳಗೆ ಎಡಕ್ಕೆ ಐ, ಕೆಳಗೆ ಬಲಕ್ಕೆ ಓ. ನಾಲ್ಕು ಅಂಚುಗಳನ್ನೂ ಎರಡು ಕರ್ಣಗಳನ್ನೂ ಎಳೆಯಿರಿ. ಒಟ್ಟು ಆರು ಗೆರೆ. ಪ್ರತಿ ಗೆರೆಯೂ ಒಂದು ಸಂಬಂಧ.

ಆ ಆರು ಸಂಬಂಧಗಳನ್ನು ಬಾಯಿಪಾಠ ಮಾಡಲೇಬೇಕಾ?

ಬೇಡ. ಬಾಯಿಪಾಠ ಮಾಡಿದವರೇ ಪರೀಕ್ಷೆಯಲ್ಲಿ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ನೆನಪಿಟ್ಟುಕೊಂಡರೆ ಸಾಕು.

ಪೆಟ್ಟಿಗೆ ತೆರೆದು ಒಂದೊಂದೇ ಬಲ್ಬನ್ನು ಹೋಲ್ಡರಿಗೆ ಹಾಕಿ ನೋಡಿದಿರಿ ಎನ್ನೋಣ. ಮೂರರಲ್ಲಿ ಒಂದು ಆಗಿರಬಹುದು. ಒಂದು, ಹತ್ತೂ ಉರಿದವು. ಎರಡು, ಕೆಲವು ಉರಿದವು, ಕೆಲವು ಉರಿಯಲಿಲ್ಲ. ಮೂರು, ಒಂದೂ ಉರಿಯಲಿಲ್ಲ. ಇವಕ್ಕೆ ಪೂರ್ತಿ, ಮಿಶ್ರ, ಸೊನ್ನೆ ಎಂದು ಹೆಸರಿಡೋಣ.

ಈಗ ಯಾವ ವಾಕ್ಯ ಎಲ್ಲೆಲ್ಲಿ ನಿಜ ಎಂದು ನೋಡಿ. ಎ ನಿಜವಾಗುವುದು ಪೂರ್ತಿಯಲ್ಲಿ ಮಾತ್ರ. ಇ ನಿಜವಾಗುವುದು ಸೊನ್ನೆಯಲ್ಲಿ ಮಾತ್ರ. ಐ ಪೂರ್ತಿಯಲ್ಲೂ ನಿಜ, ಮಿಶ್ರದಲ್ಲೂ ನಿಜ (ತರ್ಕದಲ್ಲಿ ‘ಕೆಲವು’ ಎಂದರೆ ‘ಒಂದಾದರೂ’ ಎಂದಷ್ಟೇ, ಮುಂದೆ ವಿವರಿಸುತ್ತೇನೆ). ಓ ಮಿಶ್ರದಲ್ಲೂ ನಿಜ, ಸೊನ್ನೆಯಲ್ಲೂ ನಿಜ.

ಇಷ್ಟೇ. ಆರೂ ಗೆರೆಗಳು ಇದರಿಂದಲೇ ಹುಟ್ಟುತ್ತವೆ.

ಕರ್ಣಗಳಿಂದ ಶುರು ಮಾಡೋಣ. ಎ ಪೂರ್ತಿಯನ್ನು ಹಿಡಿದುಕೊಂಡಿದೆ, ಓ ಉಳಿದ ಎರಡನ್ನೂ ಹಿಡಿದುಕೊಂಡಿದೆ. ಇಬ್ಬರ ನಡುವೆ ಖಾಲಿ ಜಾಗವೂ ಇಲ್ಲ, ಇಬ್ಬರಿಗೂ ಸೇರಿದ ಜಾಗವೂ ಇಲ್ಲ. ಹಾಗಾಗಿ ಎ ಮತ್ತು ಓ ಪೈಕಿ ಒಂದು ನಿಜ, ಇನ್ನೊಂದು ಸುಳ್ಳು, ಯಾವಾಗಲೂ. ಇ ಮತ್ತು ಐ ಜೋಡಿಯೂ ಹಾಗೇ. ಇದು ಪೂರ್ಣ ವಿರೋಧ. ಪಠ್ಯಗಳಲ್ಲಿ ಕಾಂಟ್ರಡಿಕ್ಟರಿ ಎನ್ನುತ್ತಾರೆ.

ಮೇಲಿನ ಅಂಚು ಎ ಮತ್ತು ಇ ನಡುವಿನದು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಆದರೆ ಮಿಶ್ರ ಪೆಟ್ಟಿಗೆಯಲ್ಲಿ ಎರಡೂ ಸುಳ್ಳು. ಇದಕ್ಕೆ ಕಾಂಟ್ರರಿ ಎಂದು ಹೆಸರು. ನಾನು ತುದಿಗಳ ವಿರೋಧ ಎನ್ನುತ್ತೇನೆ, ಏಕೆಂದರೆ ಎರಡೂ ಎರಡು ತುದಿಯಲ್ಲಿ ನಿಂತಿವೆ, ಮಧ್ಯದಲ್ಲಿ ಜಾಗ ಖಾಲಿ ಇದೆ.

ಕೆಳಗಿನ ಅಂಚು ಇದಕ್ಕೆ ತಿರುಗಾಮುರುಗಾ. ಮಿಶ್ರದಲ್ಲಿ ಐ ಮತ್ತು ಓ ಎರಡೂ ನಿಜ. ಎರಡೂ ಒಟ್ಟಿಗೆ ಸುಳ್ಳಾಗುವ ಪೆಟ್ಟಿಗೆ ಮಾತ್ರ ಆ ಮೂರರಲ್ಲಿ ಇಲ್ಲ. ಇದು ಸಬ್‌ಕಾಂಟ್ರರಿ.

ಉಳಿದದ್ದು ಎರಡು ಪಕ್ಕದ ಅಂಚುಗಳು. ಎ ನಿಜವಾದಲ್ಲಿ ಐ ಕೂಡ ನಿಜ. ಇ ನಿಜವಾದಲ್ಲಿ ಓ ಕೂಡ ನಿಜ. ಇದನ್ನು ಸಬಾಲ್ಟರ್ನೇಷನ್ ಎನ್ನುತ್ತಾರೆ. ನಿಜ ಮೇಲಿಂದ ಕೆಳಗಿಳಿಯುತ್ತದೆ, ಸುಳ್ಳು ಕೆಳಗಿಂದ ಮೇಲೇರುತ್ತದೆ. ‘ಕೆಲವು ಉರಿಯುತ್ತವೆ’ ಎಂಬುದೇ ಸುಳ್ಳಾದ ಮೇಲೆ ‘ಎಲ್ಲವೂ ಉರಿಯುತ್ತವೆ’ ನಿಜವಾಗುವುದು ಎಲ್ಲಿಂದ?

‘ಎಲ್ಲವೂ’ ಸುಳ್ಳಾದರೆ ‘ಯಾವುದೂ ಇಲ್ಲ’ ನಿಜ ಅಲ್ವಾ?

ಅಲ್ಲ. ಇಡೀ ಪುಟದಲ್ಲಿ ಒಂದೇ ಉತ್ತರ ಓದಲು ಪುರುಸೊತ್ತಿದ್ದರೆ ಇದನ್ನೇ ಓದಿ.

ಅಂಗಡಿಯವರು ಎಲ್ಲಾ ಬಲ್ಬುಗಳೂ ಉರಿಯುತ್ತವೆ ಎಂದರು. ನೀವು ಮನೆಗೆ ತಂದು ನೋಡಿದರೆ ಏಳನೆಯದು ಉರಿಯಲಿಲ್ಲ. ಅವರ ಮಾತು ಸುಳ್ಳಾಯಿತು. ಎಷ್ಟು ಸುಳ್ಳಾಯಿತು? ಪೂರ್ತಿ ಸುಳ್ಳಾಯಿತು, ಅದರಲ್ಲಿ ಅರ್ಧಂಬರ್ಧ ಇಲ್ಲ. ಆದರೆ ನಿಜವಾದದ್ದು ಏನು? ‘ಉರಿಯದ ಒಂದಾದರೂ ಇದೆ’ ಎಂಬುದಷ್ಟೇ. ‘ಇವರ ಬಲ್ಬು ಒಂದೂ ಉರಿಯಲ್ಲ’ ಎಂದು ಕೂಗಾಡಿದರೆ ನೀವೂ ಸುಳ್ಳು ಹೇಳಿದಂತೆ, ಉಳಿದ ಒಂಬತ್ತು ಉರಿಯುತ್ತಿವೆಯಲ್ಲ!

ಬಹಳಷ್ಟು ವಾದಗಳು ಕೆಡುವುದು ಹೀಗೆಯೇ. ಒಬ್ಬರು ‘ಎಲ್ಲರೂ ಹಾಗೇ’ ಎನ್ನುತ್ತಾರೆ. ಇನ್ನೊಬ್ಬರಿಗೆ ಅದು ತಪ್ಪೆಂದು ಗೊತ್ತು. ಸಿಟ್ಟಿನಲ್ಲಿ ‘ಯಾರೂ ಹಾಗಿಲ್ಲ’ ಎಂದುಬಿಡುತ್ತಾರೆ. ಮೊದಲನೆಯವರು ಹಾಗಿರುವ ಒಬ್ಬರನ್ನು ತೋರಿಸಿ ಗೆದ್ದೆ ಎಂದುಕೊಳ್ಳುತ್ತಾರೆ. ನಿಜವಾಗಿ ಇಬ್ಬರ ಮಾತೂ ಬಿದ್ದುಹೋಗಿದೆ. ಎರಡನೆಯವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ. ‘ಎಲ್ಲರೂ ಅಲ್ಲ, ಇಗೋ ಒಬ್ಬರು’ ಎಂದಿದ್ದರೆ ಸಾಕಾಗಿತ್ತು. ಕರ್ಣದ ಗೆರೆ ಹಿಡಿಯಬೇಕಾದ ಕಡೆ ಮೇಲಿನ ಅಂಚು ಹಿಡಿದರು.

ಒಂದೇ ಒಂದು ಉದಾಹರಣೆ ಇಡೀ ‘ಎಲ್ಲಾ’ವನ್ನು ಬೀಳಿಸುತ್ತದಾ?

ಬೀಳಿಸುತ್ತದೆ. ಹಂಸಗಳೆಲ್ಲ ಬಿಳಿ ಎಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. 1697ರಲ್ಲಿ ವಿಲ್ಲೆಮ್ ಡಿ ವ್ಲಾಮಿಂಗ್ ಎಂಬ ಡಚ್ ನಾವಿಕನ ತಂಡ ಪಶ್ಚಿಮ ಆಸ್ಟ್ರೇಲಿಯಾದ ನದಿಯೊಂದರಲ್ಲಿ ಕಪ್ಪು ಹಂಸಗಳನ್ನು ಕಂಡಿತು. ಅಲ್ಲಿಗೆ ಎ ವಾಕ್ಯದ ಕಥೆ ಮುಗಿಯಿತು. ಆದರೆ ‘ಯಾವ ಹಂಸವೂ ಬಿಳಿಯಲ್ಲ’ ಎಂದೇನೂ ಆಗಲಿಲ್ಲ.

‘ಕೆಲವು’ ಅಂದರೆ ಎಷ್ಟು?

ತರ್ಕದಲ್ಲಿ ಕಡಿಮೆ ಎಂದರೆ ಒಂದು. ಜಾಸ್ತಿ ಎಷ್ಟಾದರೂ ಆಗಬಹುದು, ಎಲ್ಲವೂ ಆಗಬಹುದು.

ಮಾತಿನಲ್ಲಿ ನಾವು ಹಾಗೆ ಬಳಸುವುದಿಲ್ಲ, ಒಪ್ಪುತ್ತೇನೆ. ‘ಕೆಲವರು ಪಾಸಾದರು’ ಎಂದರೆ ಉಳಿದವರು ಫೇಲಾದರು ಎಂದೇ ಕೇಳಿದವರು ತಿಳಿಯುತ್ತಾರೆ. ಆದರೆ ಅದು ಕೇಳುಗರ ಊಹೆ, ವಾಕ್ಯ ಹೇಳಿದ್ದಲ್ಲ. ಅರ್ಧ ಫಲಿತಾಂಶ ಮಾತ್ರ ನೋಡಿದವರು ‘ಕೆಲವರಂತೂ ಪಾಸಾಗಿದ್ದಾರೆ, ಉಳಿದವರದು ಇನ್ನೂ ನೋಡಿಲ್ಲ’ ಎನ್ನಬಹುದು. ಆಮೇಲೆ ಎಲ್ಲರೂ ಪಾಸಾಗಿದ್ದಾರೆ ಎಂದು ತಿಳಿದರೆ ಅವರ ಮೊದಲ ಮಾತು ಸುಳ್ಳಾಗುವುದಿಲ್ಲ, ಅಲ್ವಾ?

‘ಒಂದಾದರೂ ಸಾಕು’ ಎಂಬುದಕ್ಕೆ ಗಣಿತದಲ್ಲಿ ಚೆಂದದ ಉದಾಹರಣೆ ಇದೆ. ‘ಕೆಲವು ಅವಿಭಾಜ್ಯ ಸಂಖ್ಯೆಗಳು ಸಮ ಸಂಖ್ಯೆಗಳು’ ಎಂಬುದು ನಿಜವಾದ ಐ ವಾಕ್ಯ. ಅಂಥ ಸಂಖ್ಯೆ ಇರುವುದು ಒಂದೇ, 2. ಆ ಒಂದರಿಂದಲೇ ‘ಎಲ್ಲಾ ಅವಿಭಾಜ್ಯಗಳೂ ಬೆಸ’ ಎಂಬ ಎ ವಾಕ್ಯ ಬಿದ್ದುಹೋಗುತ್ತದೆ. ಗೊಂದಲ ಬೇಡವೆಂದರೆ ‘ಕೆಲವು’ ಬದಲು ‘ಒಂದಾದರೂ’ ಎಂದು ಓದಿಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬುದು ಯಾವ ಬಗೆಯ ವಾಕ್ಯ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ವಾಕ್ಯದಲ್ಲಿ ‘ಎಲ್ಲ’ ಇದೆ, ‘ಅಲ್ಲ’ವೂ ಇದೆ. ನೋಡಿದ ತಕ್ಷಣ ಇಡೀ ಗುಂಪಿಗೆ ಇಲ್ಲ ಎನ್ನುವ ಇ ವಾಕ್ಯ ಅನ್ನಿಸುತ್ತದೆ.

ಹಾಗೆ ಓದಿದರೆ ಅರ್ಥ ಏನಾಗುತ್ತದೆ? ‘ಬೆಳ್ಳಗಿರುವ ಯಾವುದೂ ಹಾಲಲ್ಲ’ ಎಂದಾಗುತ್ತದೆ. ಹಾಲು ಬೆಳ್ಳಗೇ ಇರುತ್ತದಲ್ಲ! ಗಾದೆ ಹೇಳುತ್ತಿರುವುದು ಅದಲ್ಲ. ಬೆಳ್ಳಗಿದ್ದೂ ಹಾಲಲ್ಲದ್ದು ಇದೆ, ನೋಡಿ ಕುಡಿ ಎನ್ನುತ್ತಿದೆ. ಅಂದರೆ ಇದು ಓ ವಾಕ್ಯ. ‘ಬೆಳ್ಳಗಿರುವುದೆಲ್ಲ ಹಾಲು’ ಎಂಬ ಎ ವಾಕ್ಯಕ್ಕೆ ನೇರ ಕರ್ಣದ ತುದಿಯಲ್ಲಿ ನಿಂತಿದೆ.

ಇಲ್ಲಿ ‘ಅಲ್ಲ’ ಎಂಬುದು ಹಾಲನ್ನಷ್ಟೇ ಅಲ್ಲಗಳೆಯುತ್ತಿಲ್ಲ, ‘ಎಲ್ಲ ಹಾಲು’ ಎಂಬ ಇಡೀ ಮಾತನ್ನೇ ಅಲ್ಲಗಳೆಯುತ್ತಿದೆ. ‘ಎಲ್ಲರೂ ಬಂದಿಲ್ಲ’ ಎಂಬುದನ್ನೂ ಗಮನಿಸಿ. ಸಾಮಾನ್ಯವಾಗಿ ಇದರರ್ಥ ಇನ್ನೂ ಕೆಲವರು ಬರಬೇಕು ಎಂದು. ಯಾರೂ ಬರದಿದ್ದರೆ ನಾವು ‘ಯಾರೂ ಬಂದಿಲ್ಲ’ ಎನ್ನುತ್ತೇವೆ. ಆದರೂ ಬರವಣಿಗೆಯಲ್ಲಿ, ದನಿಯ ಏರಿಳಿತ ಇಲ್ಲದಿರುವಾಗ, ‘ಎಲ್ಲಾ ಬಲ್ಬುಗಳೂ ಉರಿಯುವುದಿಲ್ಲ’ ಎಂಬುದನ್ನು ಎರಡೂ ರೀತಿ ಓದಬಹುದು. ಹಾಗಾಗಿ ತರ್ಕದ ಲೆಕ್ಕ ಮಾಡುವಾಗ ಈ ರೂಪವನ್ನು ಬಿಟ್ಟೇಬಿಡಿ. ಇ ಆದರೆ ‘ಯಾವ ಬಲ್ಬೂ ಉರಿಯುವುದಿಲ್ಲ’ ಎನ್ನಿ. ಓ ಆದರೆ ‘ಉರಿಯದ ಒಂದಾದರೂ ಬಲ್ಬು ಇದೆ’ ಎನ್ನಿ.

ಒಂದು ವಾಕ್ಯ ಗೊತ್ತಾದರೆ ಉಳಿದ ಮೂರರ ಬಗ್ಗೆ ಎಷ್ಟು ಹೇಳಬಹುದು?

ಮೂರು ಪೆಟ್ಟಿಗೆ ಕಣ್ಣ ಮುಂದೆ ಇಟ್ಟುಕೊಂಡು ಓದಿ.

ಎ ನಿಜವಾದರೆ ಇ ಸುಳ್ಳು, ಐ ನಿಜ, ಓ ಸುಳ್ಳು. ಇ ನಿಜವಾದರೆ ಎ ಸುಳ್ಳು, ಐ ಸುಳ್ಳು, ಓ ನಿಜ. ಐ ಸುಳ್ಳಾದರೆ ಸೊನ್ನೆ ಪೆಟ್ಟಿಗೆ ಎಂದಾಯಿತು, ಆದ್ದರಿಂದ ಎ ಸುಳ್ಳು, ಇ ನಿಜ, ಓ ನಿಜ. ಓ ಸುಳ್ಳಾದರೆ ಪೂರ್ತಿ ಪೆಟ್ಟಿಗೆ, ಎ ನಿಜ, ಇ ಸುಳ್ಳು, ಐ ನಿಜ. ಈ ನಾಲ್ಕು ಸಂದರ್ಭಗಳಲ್ಲಿ ಎಲ್ಲವೂ ಇತ್ಯರ್ಥವಾಗುತ್ತದೆ.

ಉಳಿದ ನಾಲ್ಕರಲ್ಲಿ ಕರ್ಣದ ತುದಿ ಮಾತ್ರ ಸಿಗುತ್ತದೆ. ಎ ಸುಳ್ಳಾದರೆ ಓ ನಿಜ. ಇ ಸುಳ್ಳಾದರೆ ಐ ನಿಜ. ಐ ನಿಜವಾದರೆ ಇ ಸುಳ್ಳು. ಓ ನಿಜವಾದರೆ ಎ ಸುಳ್ಳು. ಮಿಕ್ಕ ಎರಡರ ಬಗ್ಗೆ ಏನೂ ಹೇಳುವಂತಿಲ್ಲ. ‘ಹೇಳಲಾಗದು’ ಎಂಬುದೂ ಸರಿಯಾದ ಉತ್ತರವೇ. ಪರೀಕ್ಷೆಯಲ್ಲಿ ಅದನ್ನು ಬರೆಯಲು ಹೆದರಬೇಡಿ.

ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲದ ವಾಕ್ಯಕ್ಕೂ ಇದು ಅನ್ವಯಿಸುತ್ತದಾ?

ಅನ್ವಯಿಸುತ್ತದೆ. 2ಕ್ಕಿಂತ ದೊಡ್ಡ ಎಲ್ಲಾ ಸಮ ಸಂಖ್ಯೆಗಳನ್ನೂ ಎರಡು ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದು ಎಂಬ ಊಹೆ ಗಣಿತಜ್ಞ ಗೋಲ್ಡ್‌ಬಾಖ್ 1742ರಲ್ಲಿ ಬರೆದ ಪತ್ರದಿಂದ ಬಂದದ್ದು. ಇವತ್ತಿಗೂ ಯಾರೂ ಅದನ್ನು ಸಾಧಿಸಿಲ್ಲ, ಅಲ್ಲಗಳೆದಿಲ್ಲ. ಆದರೆ ಹಾಗೆ ಬರೆಯಲಾಗದ ಒಂದು ಸಮ ಸಂಖ್ಯೆಯಾದರೂ ಇದೆ, ಇಲ್ಲವೇ ಊಹೆ ನಿಜ. ಮೂರನೆಯ ದಾರಿ ಇಲ್ಲ. ಅದರ ಇ ವಾಕ್ಯವಂತೂ ಖಂಡಿತ ಸುಳ್ಳು, ಏಕೆಂದರೆ 8 ಎಂದರೆ 3 ಮತ್ತು 5 ಸೇರಿದ್ದು.

ಪೆಟ್ಟಿಗೆಯೇ ಖಾಲಿ ಇದ್ದರೆ?

ಇಲ್ಲಿಗೆ ಬಂದಾಗ ಚೌಕ ಅಲುಗಾಡಲು ಶುರುವಾಗುತ್ತದೆ. ವಿಷಯ ನಿಜವಾಗಿ ಆಳವಾಗುವುದೂ ಇಲ್ಲೇ.

ಮೂರು ಪೆಟ್ಟಿಗೆಗಳನ್ನು ಎಣಿಸುವಾಗ ನಾವು ಸುಮ್ನೆ ಒಂದು ವಿಷಯ ಒಪ್ಪಿಕೊಂಡುಬಿಟ್ಟೆವು: ಒಳಗೆ ಬಲ್ಬುಗಳಿವೆ ಎಂದು. ನಾಲ್ಕನೆಯ ಪೆಟ್ಟಿಗೆಯೂ ಇರಬಹುದಲ್ಲ, ಏನೂ ಇಲ್ಲದ್ದು? ಅದರ ಬಗ್ಗೆ ‘ಎಲ್ಲಾ ಬಲ್ಬುಗಳೂ ಉರಿಯುತ್ತವೆ’ ಎಂದರೆ ನಿಜವೋ ಸುಳ್ಳೋ?

ಈಗಿನ ತರ್ಕಶಾಸ್ತ್ರದ ಪ್ರಕಾರ ನಿಜ. ಎ ವಾಕ್ಯ ಅಲ್ಲಿ ಹೇಳುವುದು ಇಷ್ಟೇ: ಉರಿಯದ ಬಲ್ಬು ಇದರಲ್ಲಿಲ್ಲ. ಖಾಲಿ ಪೆಟ್ಟಿಗೆಯಲ್ಲಿ ಉರಿಯದ ಬಲ್ಬು ಎಲ್ಲಿಂದ ಬರಬೇಕು? ಹಾಗೆಯೇ ಉರಿಯುವ ಬಲ್ಬೂ ಇಲ್ಲ, ಆದ್ದರಿಂದ ಇ ಕೂಡ ನಿಜ. ಎ ಮತ್ತು ಇ ಒಟ್ಟಿಗೆ ನಿಜವಾದವು, ಮೇಲಿನ ಅಂಚು ಹೋಯಿತು. ಐ ಮತ್ತು ಓ ಎರಡೂ ಸುಳ್ಳು, ಕೆಳಗಿನ ಅಂಚೂ ಹೋಯಿತು. ಎ ನಿಜವಾಗಿ ಐ ಸುಳ್ಳಾದ ಮೇಲೆ ಪಕ್ಕದ ಅಂಚುಗಳೂ ಹೋದವು. ಉಳಿದದ್ದು ಎರಡು ಕರ್ಣಗಳು ಮಾತ್ರ.

19ನೇ ಶತಮಾನದಿಂದ ಈಚೆಗೆ ತರ್ಕಜ್ಞರು ಹಿಡಿದ ದಾರಿ ಇದು. ಜಾನ್ ವೆನ್ 1880ರಲ್ಲಿ ಪ್ರಕಟಿಸಿದ ವೃತ್ತಗಳ ಚಿತ್ರದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎ ವಾಕ್ಯಕ್ಕೆ ಅಲ್ಲಿ ಮಾಡುವ ಕೆಲಸ ಒಂದೇ, ಉದ್ದೇಶ್ಯದ ವೃತ್ತದಲ್ಲಿ ವಿಧೇಯದ ಹೊರಗಿರುವ ಭಾಗಕ್ಕೆ ಗೆರೆ ಎಳೆದು ಇದು ಖಾಲಿ ಎಂದು ತೋರಿಸುವುದು. ಉಳಿದ ಭಾಗದಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ಅದು ಹೇಳುವುದೇ ಇಲ್ಲ.

ಇಲ್ಲದ ವಸ್ತುವಿನ ಬಗ್ಗೆ ‘ಎಲ್ಲಾ’ ಎಂದು ಯಾರು ಹೇಳುತ್ತಾರೆ? ಇದು ಬರೀ ಕಸರತ್ತಲ್ಲವೇ?

ಇರುವುದೋ ಇಲ್ಲವೋ ಗೊತ್ತಿಲ್ಲದ ವಸ್ತುವಿನ ಬಗ್ಗೆ ಹೇಳಲೇಬೇಕಾಗುತ್ತದೆ. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳನ್ನು ಕೂಡಿದಾಗ ತನಗೇ ಸಮವಾಗುವ ಸಂಖ್ಯೆಯನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6ಕ್ಕೆ 1, 2, 3. ಆಮೇಲೆ 28, 496, 8128. ಈವರೆಗೆ ಸಿಕ್ಕಿದ್ದೆಲ್ಲ ಸಮ ಸಂಖ್ಯೆಗಳೇ. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಗಣಿತಜ್ಞರು ಇನ್ನೂ ಹುಡುಕುತ್ತಲೇ ಇದ್ದಾರೆ. ಆದರೂ 2012ರಲ್ಲಿ ಪ್ರಕಟವಾದ ಒಂದು ಸಾಧನೆ ಹೀಗೆನ್ನುತ್ತದೆ: ಎಲ್ಲಾ ಬೆಸ ಪರಿಪೂರ್ಣ ಸಂಖ್ಯೆಗಳೂ 10ರ 1500ನೇ ಘಾತಕ್ಕಿಂತ ದೊಡ್ಡವು.

ಇದು ಸಾಧಿಸಿದ ಎ ವಾಕ್ಯ. ಇದರಿಂದ ‘ಕೆಲವು ಬೆಸ ಪರಿಪೂರ್ಣ ಸಂಖ್ಯೆಗಳು ಅಷ್ಟು ದೊಡ್ಡವು’ ಎಂಬ ಐಗೆ ಇಳಿದರೆ, ಅಂಥ ಸಂಖ್ಯೆ ಇದೆ ಎಂದು ಪುಕ್ಕಟೆಯಾಗಿ ಸಾಧಿಸಿದಂತಾಗುತ್ತದೆ! ಇಲ್ಲಿ ಪಕ್ಕದ ಅಂಚನ್ನು ನಂಬಿ ಇಳಿಯುವ ಹಾಗಿಲ್ಲ.

ಹಾಗಾದರೆ ಹಳೆಯ ಚೌಕ ತಪ್ಪಾ?

ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹಾಗೆ ಹೇಳುವುದಕ್ಕೆ ಕಾರಣವೂ ಇದೆ.

ಸಂಬಂಧಗಳನ್ನು ವಿವರಿಸಿದ್ದು ಅರಿಸ್ಟಾಟಲ್, ಕ್ರಿ.ಪೂ. 4ನೇ ಶತಮಾನದಲ್ಲಿ. ಅವನ ಬರಹದಲ್ಲಿ ಚಿತ್ರವಿಲ್ಲ. ಚೌಕದ ವಿವರಣೆ ಸಿಗುವುದು ಅಪುಲಿಯಸ್ ಹೆಸರಿನಲ್ಲಿರುವ 2ನೇ ಶತಮಾನದ ಲ್ಯಾಟಿನ್ ಕೃತಿಯಲ್ಲಿ. ಆಮೇಲೆ 6ನೇ ಶತಮಾನದ ಬೊಯೆಥಿಯಸ್ ಮೂಲಕ ಅದು ಮಧ್ಯಯುಗದ ಯುರೋಪಿಗೆ ತಲುಪಿತು. ‘ಡಿ ಇಂಟರ್‌ಪ್ರಿಟೇಷನೆ’ ಎಂಬ ತನ್ನ ಗ್ರಂಥದಲ್ಲಿ ಅರಿಸ್ಟಾಟಲ್ ಓ ಜಾಗದಲ್ಲಿ ಇಟ್ಟದ್ದು ‘ಕೆಲವರು ಅಲ್ಲ’ ಎಂಬುದನ್ನಲ್ಲ, ‘ಎಲ್ಲರೂ ಅಲ್ಲ’ ಎಂಬ ರೂಪವನ್ನು. ನಮ್ಮ ಹಾಲಿನ ಗಾದೆಯ ರೂಪವೇ ಅದು!

ಈ ರೂಪದಿಂದ ಏನು ಲಾಭ? ‘ಎಲ್ಲಾ ಬಲ್ಬುಗಳೂ ಉರಿಯುತ್ತವೆ’ ಎಂದರೆ ಬಲ್ಬುಗಳಿವೆ ಎಂದೂ ಸೇರಿಸಿಕೊಳ್ಳೋಣ. ಖಾಲಿ ಪೆಟ್ಟಿಗೆಯಲ್ಲಿ ಅದು ಸುಳ್ಳು. ‘ಎಲ್ಲವೂ ಉರಿಯುತ್ತವೆ ಎಂಬುದು ಇಲ್ಲ’ ಎಂಬ ಓ ಆಗ ನಿಜ. ಐ ಸುಳ್ಳು, ಇ ನಿಜ. ಈಗ ಆರೂ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದೂ ಮುರಿಯುವುದಿಲ್ಲ. ಹೌದೆನ್ನುವ ವಾಕ್ಯಗಳು ವಸ್ತು ಇದೆ ಎಂದು ಹೇಳುತ್ತವೆ, ಇಲ್ಲವೆನ್ನುವವು ಹೇಳುವುದಿಲ್ಲ. ಮಧ್ಯಯುಗದ ಹಲವು ತರ್ಕಜ್ಞರು ಹೀಗೇ ಓದಿದರು. ಓ ವಾಕ್ಯವನ್ನು ‘ಕೆಲವು ಬಲ್ಬುಗಳಿವೆ, ಅವು ಉರಿಯುವುದಿಲ್ಲ’ ಎಂದು ಓದಿದಾಗ ಮಾತ್ರ ಜಗಳ ಶುರು.

ಪರೀಕ್ಷೆ ಬರೆಯುವವರು ಒಂದು ನೆನಪಿಡಿ: ಸಾಂಪ್ರದಾಯಿಕ ತರ್ಕ ಎಂದು ಕೇಳಿದ್ದರೆ ಆರೂ ಗೆರೆ ಬಳಸಿ, ಆಧುನಿಕ ಎಂದಿದ್ದರೆ ಕರ್ಣಗಳು ಮಾತ್ರ.

‘ಸಾಕ್ರಟೀಸ್ ಮನುಷ್ಯ’ ಎಂಬ ಒಬ್ಬನ ಬಗೆಗಿನ ವಾಕ್ಯ ಎಲ್ಲಿ ಕೂರುತ್ತದೆ?

ಹಳೆಯ ಪಠ್ಯಗಳು ಅದನ್ನು ಎ ಜೊತೆ ಸೇರಿಸುತ್ತಿದ್ದವು. ಆದರೆ ಅದರ ವಿರೋಧ ‘ಸಾಕ್ರಟೀಸ್ ಮನುಷ್ಯನಲ್ಲ’ ಎಂಬ ಒಂದೇ. ಇರುವವನು ಒಬ್ಬನೇ ಆದ್ದರಿಂದ ಮಿಶ್ರ ಪೆಟ್ಟಿಗೆಗೆ ಅವಕಾಶವಿಲ್ಲ.

ವಾಕ್ಯವನ್ನು ತಿರುಗಿಸಿ ಹೇಳಬಹುದೇ?

ಇ ಮತ್ತು ಐ ತಿರುಗಿಸಬಹುದು. ‘ಯಾವ ತಿಮಿಂಗಿಲವೂ ಮೀನಲ್ಲ’ ಎಂದರೆ ‘ಯಾವ ಮೀನೂ ತಿಮಿಂಗಿಲವಲ್ಲ’. ಎ ತಿರುಗಿಸಬಾರದು. ಎಲ್ಲಾ ತಿಮಿಂಗಿಲಗಳೂ ಸಸ್ತನಿಗಳು, ಆದರೆ ಎಲ್ಲಾ ಸಸ್ತನಿಗಳೂ ತಿಮಿಂಗಿಲಗಳಲ್ಲ. ಓ ಕೂಡ ತಿರುಗದು: ತಿಮಿಂಗಿಲವಲ್ಲದ ಸಸ್ತನಿ ಇದೆ, ಸಸ್ತನಿಯಲ್ಲದ ತಿಮಿಂಗಿಲ ಇಲ್ಲ.

‘ಮಾತ್ರ’ ಇರುವ ಕಡೆ ಹುಷಾರು. ‘ಸದಸ್ಯರಿಗೆ ಮಾತ್ರ ಪ್ರವೇಶ’ ಎಂದರೆ ಒಳಗೆ ಬರಬಹುದಾದವರೆಲ್ಲ ಸದಸ್ಯರು ಎಂದರ್ಥ. ಸದಸ್ಯರೆಲ್ಲರಿಗೂ ಪ್ರವೇಶವಿದೆ ಎಂದು ಅದು ಹೇಳುತ್ತಿಲ್ಲ.

ಚೌಕ ಇರುವುದು ‘ಎಲ್ಲಾ’, ‘ಕೆಲವು’ಗಳಿಗೆ ಮಾತ್ರವಾ?

ಅಲ್ಲ. ಕನ್ನಡದ ನಾಲ್ಕು ಕ್ರಿಯಾಪದಗಳನ್ನು ಮೂಲೆಗಳಲ್ಲಿ ಇಟ್ಟು ನೋಡಿ. ಎ ಜಾಗದಲ್ಲಿ ‘ಮಾಡಬೇಕು’. ಇ ಜಾಗದಲ್ಲಿ ‘ಮಾಡಬಾರದು’. ಐ ಜಾಗದಲ್ಲಿ ‘ಮಾಡಬಹುದು’. ಓ ಜಾಗದಲ್ಲಿ ‘ಮಾಡಬೇಕಿಲ್ಲ’.

ಒಂದು ನಿಯಮದ ಬಗ್ಗೆ ಮಾತಾಡುವಾಗ ‘ಬೇಕು’ ಮತ್ತು ‘ಬಾರದು’ ಒಟ್ಟಿಗೆ ನಿಲ್ಲುವುದಿಲ್ಲ, ಆದರೆ ಎರಡೂ ಇಲ್ಲದಿರಬಹುದು. ಮಾಡಿದರೂ ಸರಿ, ಬಿಟ್ಟರೂ ಸರಿ ಎಂಬ ಕೆಲಸಗಳು ಬೇಕಾದಷ್ಟಿವೆ. ‘ಬೇಕು’ ಎಂಬುದಕ್ಕೆ ಪೂರ್ಣ ವಿರೋಧ ‘ಬೇಕಿಲ್ಲ’, ‘ಬಾರದು’ ಎಂಬುದಕ್ಕೆ ‘ಬಹುದು’. ‘ನೀನು ಬರಬೇಕಿಲ್ಲ’ ಎಂದು ಒಬ್ಬರು ಹೇಳಿದ್ದನ್ನು ‘ನೀನು ಬರಬಾರದು’ ಎಂದು ಕೇಳಿಸಿಕೊಂಡು ಬೇಸರ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಹೇಳಿದ್ದು ಓ ಮೂಲೆಯ ಮಾತು, ಕೇಳಿಸಿದ್ದು ಇ ಮೂಲೆಯ ಮಾತು.